ಇರುಳಿನ ನಗರವೂ ನಮ್ಮ ಕತೆಗಾರರೂ

ನಗರದ ಇರುಳನ್ನು ಕುರಿತ ಸಣ್ಣಕತೆಯೆಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದೇನು? ಬಣ್ಣದ ದೀಪ, ಮದ್ಯದ ಬಟ್ಟಲು, ಬೀದಿಯ ತಿರುವಿನಲ್ಲಿ ಕಾದು ನಿಂತ ಹೆಣ್ಣು, ಮಾಳಿಗೆಯ ಕಿಟಕಿಯಲ್ಲಿ ನಿಟ್ಟುಸಿರಿಡುವ ಯುವಕ. ಇಷ್ಟನ್ನು ಹೊಂದಿಸಿಕೊಟ್ಟರೆ ಕತೆಯಾಯಿತೆಂಬ ಭ್ರಮೆ ನಮ್ಮ ಅನೇಕ ಲೇಖಕರನ್ನು ಆವರಿಸಿದೆ. ಇದನ್ನು ನಾವು ಒಪ್ಪಲಾರೆವು.

ಪಾಪದ ಚಿತ್ರಣವೇ ಕೂಡದೆನ್ನುವ ಮಡಿವಂತರು ನಾವಲ್ಲ. ನಮ್ಮ ಆಕ್ಷೇಪ ಬೇರೆ. ಈ ಕತೆಗಳಲ್ಲಿ ಇರುಳೆಂಬುದು ಬರಿಯ ನೋಟ. ದುಡಿಯುವವರಿಗೆ ಅಲ್ಲಿ ಎಡೆಯಿಲ್ಲ. ಆಸ್ಪತ್ರೆಯ ದಾದಿ, ರೈಲುನಿಲ್ದಾಣದ ಹಮಾಲಿ, ಕಾರ್ಖಾನೆಯ ಕಾವಲುಗಾರ, ಕಡೆಯ ಗಿರಾಕಿ ಎದ್ದುಹೋದ ಮೇಲೆ ಮೇಜು ಒರೆಸುವ ಹೋಟೆಲಿನ ಹುಡುಗ, ಇವರಲ್ಲವೇ ನಗರದ ಇರುಳನ್ನು ಹೆಗಲಮೇಲೆ ಹೊತ್ತವರು?

ಹಿರಿಯರ ಮಾದರಿಯನ್ನಾದರೂ ನೋಡಬಾರದೆ? ಅಮೆರಿಕದ ಎಡ್ಗರ್ ಆಲನ್ ಪೋ ೧೮೪೦ರಲ್ಲಿ ಲಂಡನ್ನಿನ ಇರುಳನ್ನು ಕುರಿತು ಒಂದು ಕತೆ ಬರೆದನು. ಅದರಲ್ಲಿ ಕಾಫಿಗೃಹದ ಕಿಟಕಿಯೊಳಗೆ ಕುಳಿತು ಜನಜಂಗುಳಿಯನ್ನು ನೋಡುತ್ತಿದ್ದವನು, ಎದ್ದು ಹೊರಬಂದು, ಅಪರಿಚಿತ ಮುದುಕನೊಬ್ಬನ ಹಿಂದೆ ರಾತ್ರಿಯಿಡೀ ನಡೆಯುತ್ತಾನೆ. ನಮ್ಮವರು ಕಿಟಕಿಯನ್ನೇ ಬಿಟ್ಟೇಳಲಿಲ್ಲ. ರಷ್ಯದ ಗೊಗೊಲ್ ೧೮೪೨ರಲ್ಲಿ ಪ್ರಕಟಿಸಿದ ‘ಓವರ್‌ಕೋಟು’ ಕತೆಯಲ್ಲಿ, ಬಡ ಗುಮಾಸ್ತನೊಬ್ಬನು ಹೊಟ್ಟೆ ಕಟ್ಟಿ ಹೊಲಿಸಿಕೊಂಡ ಕೋಟನ್ನು ಪೀಟರ್ಸ್‌ಬರ್ಗಿನ ಕತ್ತಲಲ್ಲಿ ಕಳ್ಳರು ಕಿತ್ತುಕೊಳ್ಳುತ್ತಾರೆ. ದೂರು ಒಯ್ದವನಿಗೆ ದೊರೆತದ್ದು ಅಧಿಕಾರಿಯ ಗದರಿಕೆ. ಅಲ್ಲಿ ಇರುಳು ಅಲಂಕಾರವಲ್ಲ, ಅನ್ಯಾಯಕ್ಕೆ ಸಾಕ್ಷಿ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಕರಾವಳಿಯಿಂದ ಮುಂಬಯಿಗೆ ಹೋದ ನಮ್ಮ ಹುಡುಗರು ಹಗಲು ಹೋಟೆಲುಗಳಲ್ಲಿ ದುಡಿದು, ಇರುಳು ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತರು. ಮೊಗವೀರ ಸಮಾಜದವರ ರಾತ್ರಿಶಾಲೆ ೧೯೦೮ರಲ್ಲಿಯೇ ಆರಂಭವಾಯಿತು. ಎಲ್ಲರೂ ಮಲಗುವ ಹೊತ್ತಿನಲ್ಲಿ ಪುಸ್ತಕ ಬಿಡಿಸಿದ ಆ ಹುಡುಗರ ಇರುಳು ಕತೆಗೆ ಸಾಲದೆ? ಮುಂಬಯಿಯ ಸಣ್ಣಪುಟ್ಟ ಕಸುಬಿನವರನ್ನು ಜಯಂತ ಕಾಯ್ಕಿಣಿಯವರು ಮಮತೆಯಿಂದ ಚಿತ್ರಿಸಿದರು. ಆ ಕತೆಗಳ ಇಂಗ್ಲಿಷ್ ಅನುವಾದಕ್ಕೆ ೨೦೧೮ರ ಡಿ.ಎಸ್.ಸಿ. ಬಹುಮಾನವೂ ಸಂದಿತು. ಕನ್ನಡದಲ್ಲಿ ಇದು ಸಾಧ್ಯವೆಂಬುದಕ್ಕೆ ಬೇರೆ ಪ್ರಮಾಣವೇಕೆ?

ಕಾಸರಗೋಡಿನ ಕನ್ನಡ ಉಪಾಧ್ಯಾಯರಾದ ನಮಗೆ ಇದು ಕೇವಲ ರುಚಿಯ ಪ್ರಶ್ನೆಯಲ್ಲ. ನಮ್ಮ ತರಗತಿಯ ಹಿಂದಿನ ಬೆಂಚಿನ ಬಾಲಕನು ನಾಳೆ ಮುಂಬಯಿಗೋ ಬೆಂಗಳೂರಿಗೋ ಹೊರಡತಕ್ಕವನು. ಅವನ ಅಣ್ಣನು ರಾತ್ರಿಪಾಳಿಯಲ್ಲಿ ದುಡಿದು ಕಳುಹಿಸಿದ ಹಣದಿಂದಲೇ ಅವನ ಕೈಗೆ ಪುಸ್ತಕ ಬಂದಿದೆ. ಆ ಪುಸ್ತಕದಲ್ಲಿ ಅಣ್ಣನಿಗೇ ಜಾಗವಿಲ್ಲದಿದ್ದರೆ, ಸುತ್ತಲೂ ಬೇರೆ ನುಡಿ ಕೇಳುತ್ತಿರುವ ಈ ಮಗು ಕನ್ನಡವನ್ನು ತನ್ನದೆಂದು ಏಕೆ ನಂಬಬೇಕು? ಶಾಲೆಯನ್ನು ಉಳಿಸಿರೆಂದು ನಾವು ಸರಕಾರವನ್ನು ಕೇಳುತ್ತೇವೆ. ಓದುವುದಕ್ಕೆ ಕಾರಣವನ್ನು ಉಳಿಸಿರೆಂದು ಸಾಹಿತಿಗಳನ್ನು ಕೇಳಬಾರದೆ?

ಕತೆಗಾರರೇ, ಕಿಟಕಿಯನ್ನು ಬಿಟ್ಟು ಬೀದಿಗಿಳಿಯಿರಿ. ವಿದ್ಯಾರ್ಥಿಗಳೇ, ಬರೆಯುವ ಆಸೆಯಿದ್ದರೆ, ರಜೆಗೆ ಊರಿಗೆ ಬಂದ ಅಣ್ಣಂದಿರನ್ನೂ ಅಕ್ಕಂದಿರನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಅಲ್ಲಿ ರಾತ್ರಿ ಹನ್ನೆರಡು ಗಂಟೆಗೆ ಅವರ ಕೈಗಳು ಏನು ಮಾಡುತ್ತಿರುತ್ತವೆಂದು ಕೇಳಿರಿ. ಅವರು ಹೇಳಿದ್ದನ್ನೇ ಬರೆಯಿರಿ.