ಶಿಬಿರ ಮುಗಿದ ಮರುದಿನ ಯಾರು ಬರುತ್ತಾರೆ?

ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳಲ್ಲಿ ಮಳೆಗಾಲ ಕಳೆದರೆ ಉಚಿತ ವೈದ್ಯಕೀಯ ಶಿಬಿರಗಳ ಕಾಲ. ಭಾನುವಾರ ಬಂತೆಂದರೆ ಯಾವುದಾದರೊಂದು ಶಾಲೆಯಲ್ಲೋ, ಭಜನಾ ಮಂದಿರದಲ್ಲೋ, ಮಸೀದಿಯ ಸಭಾಂಗಣದಲ್ಲೋ, ಚರ್ಚಿನ ಹಾಲ್‌ನಲ್ಲೋ ಶಾಮಿಯಾನ ಏಳುತ್ತದೆ. ಮಂಗಳೂರಿನ ಮೆಡಿಕಲ್ ಕಾಲೇಜೊಂದರ ಬಸ್ಸು ಬರುತ್ತದೆ. ಬಿಪಿ, ಶುಗರ್ ನೋಡುತ್ತಾರೆ, ಹದಿನೈದು ದಿನಕ್ಕೆ ಮಾತ್ರೆ ಕೊಡುತ್ತಾರೆ, ಮಧ್ಯಾಹ್ನ ಊಟವಿರುತ್ತದೆ. ಯುವಕ ಮಂಡಲ, ಟ್ರಸ್ಟ್, ಸಹಕಾರಿ ಸಂಘ, ಜಾತಿ ಸಂಘ ಯಾವುದೇ ಇರಲಿ, ಆರೋಗ್ಯ ಸೇವೆ ಎಂದೊಡನೆ ಎಲ್ಲರಿಗೂ ಹೊಳೆಯುವುದು ಇದೊಂದೇ ರೂಪ. ಇದರ ಹಿಂದಿನ ಸದುದ್ದೇಶವನ್ನು ಅನುಮಾನಿಸಬೇಕಿಲ್ಲ. ಆದರೆ ಮಹಿಳೆಯರು, ಮಕ್ಕಳು ಮತ್ತು ಹಿರಿಯರ ಆರೋಗ್ಯಕ್ಕಾಗಿಯೇ ಇರುವ ಸೇವಾಸಂಸ್ಥೆಯೊಂದು ಇಲ್ಲಿ ಕೆಲಸ ಮಾಡುವುದಾದರೆ ಅದು ಶಿಬಿರದ ದಾರಿಯನ್ನು ಬಿಟ್ಟು, ಒಂದೇ ಮನೆಗೆ ಮತ್ತೆ ಮತ್ತೆ ಹೋಗುವ ಕೆಲಸವನ್ನು ಕೈಗೆತ್ತಿಕೊಳ್ಳಬೇಕು ಎಂಬುದು ಈ ಲೇಖನದ ವಾದ.

ಕಾರಣ ಈ ನೆಲದ ಸ್ವರೂಪದಲ್ಲೇ ಇದೆ. ಉದಾಹರಣೆಗೆ ಪುತ್ತೂರು ತಾಲ್ಲೂಕಿನ ಕೆದಂಬಾಡಿ. ಕುಂಬ್ರದಿಂದ ಬೆಳ್ಳಾರೆಗೆ ಹೋಗುವ ದಾರಿಯಲ್ಲಿ ಸಿಗುವ ತಿಂಗಳಾಡಿ ಈ ಗ್ರಾಮದ ಪೇಟೆ. ಘಟ್ಟದ ಮೇಲಿನವರು ಊರು ಎಂದಾಗ ಕಣ್ಣಿಗೆ ತಂದುಕೊಳ್ಳುವ ಬೀದಿ, ಸಾಲುಮನೆ, ಅಗಸೆಬಾಗಿಲು ಇಲ್ಲಿಲ್ಲ. ತುಳುನಾಡಿನ ಹಳ್ಳಿಯಲ್ಲಿ ಪ್ರತಿ ಮನೆಯೂ ತನ್ನ ತೋಟದ ನಡುವೆ, ಗುಡ್ಡೆಯ ಬದಿಯಲ್ಲಿ, ತೋಡಿನ ಆಚೆ ಇರುತ್ತದೆ. ಡಾಮರು ರಸ್ತೆಯಿಂದ ಅಂಗಳಕ್ಕೆ ಮಣ್ಣಿನ ಏರು, ಕೆಲವೆಡೆ ಕಾಲುಸಂಕ. 2023ರ ಜೂನ್‌ನಲ್ಲಿ ಬಂದ, ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆಯಿಂದ ಇಲ್ಲಿನ ಹೆಂಗಸರಿಗೆ ನಿಜವಾಗಿ ಉಪಕಾರವಾಗಿದೆ. ಖಾಸಗಿ ಬಸ್ಸುಗಳೇ ತುಂಬಿರುವ ಮಂಗಳೂರು, ಉಡುಪಿ ಕಡೆಗಿಂತ ಪುತ್ತೂರು, ಸುಳ್ಯ ಭಾಗದಲ್ಲಿ ಸರ್ಕಾರಿ ಬಸ್ಸುಗಳೇ ಹೆಚ್ಚು. ಆದರೆ ಬಸ್ಸು ನಿಲ್ಲುವುದು ರಸ್ತೆಯಲ್ಲಿ. ಪಾರ್ಶ್ವವಾಯು ಬಡಿದವರನ್ನು ಅಲ್ಲಿಯವರೆಗೆ ತರಲು ಆಟೋ ಬೇಕು, ಹೊರಲು ಇಬ್ಬರು ಗಂಡಾಳುಗಳು ಬೇಕು. ಹಾಗಾಗಿ ಶಿಬಿರಕ್ಕೆ ಬರುವವರು ಯಾರೆಂದು ನೋಡಿದರೆ, ನಡೆಯಬಲ್ಲವರು, ಬಿಡುವಿರುವವರು, ಕರೆತರಲು ಜನವಿರುವವರು. ಹಾಸಿಗೆ ಹಿಡಿದವರಾಗಲಿ, ಅವರನ್ನು ಬಿಟ್ಟು ಹೊರಡಲಾಗದ ಸೊಸೆಯಾಗಲಿ ಅಲ್ಲಿ ಕಾಣುವುದಿಲ್ಲ. ಸಂಘಟಕರ ವರದಿಯಲ್ಲಿ ಫಲಾನುಭವಿಗಳ ಸಂಖ್ಯೆ ದೊಡ್ಡದಿರುತ್ತದೆ, ಆದರೆ ಯಾರಿಗೆ ಹೆಚ್ಚು ಅಗತ್ಯವೋ ಅವರೇ ಆ ಎಣಿಕೆಯಿಂದ ಹೊರಗುಳಿದಿರುತ್ತಾರೆ.

ಕಾಯಿಲೆಗಳ ಸ್ವಭಾವವೂ ಬದಲಾಗಿದೆ. ಕಣ್ಣಿನ ಪೊರೆಗೆ ಶಿಬಿರ ಸರಿಯಾದ ದಾರಿ. ಒಮ್ಮೆ ಶಸ್ತ್ರಚಿಕಿತ್ಸೆ ಆದರೆ ಕೆಲಸ ಬಹುಪಾಲು ಮುಗಿಯುತ್ತದೆ. ಲಸಿಕೆಗೂ ಅದು ಒಪ್ಪುತ್ತದೆ. ಆದರೆ ರಕ್ತದೊತ್ತಡ, ಮಧುಮೇಹ, ಮರೆಗುಳಿತನ, ಮೂಳೆ ಸವೆತ, ಹೆಂಗಸರ ರಕ್ತಹೀನತೆ ಒಂದು ಭಾನುವಾರದಲ್ಲಿ ಮುಗಿಯುವಂಥವಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. ಆದರೆ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು 48 ಶೇಕಡ ಮಂದಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು 65 ಶೇಕಡ ಮಂದಿಗೆ ರಕ್ತಹೀನತೆ. ಒಂದು ದಿನ ಆಸ್ಪತ್ರೆಗೆ ತಲುಪಿಸಿದರೆ ಆಗುವ ಕೆಲಸವನ್ನು ನಾವು ಗೆದ್ದಿದ್ದೇವೆ. ತಿಂಗಳುಗಟ್ಟಲೆ ಬೆನ್ನು ಹತ್ತಬೇಕಾದ ಕೆಲಸ ಹಾಗೇ ಉಳಿದಿದೆ. ದಕ್ಷಿಣ ಕನ್ನಡದಲ್ಲಿ ಎಂಟು ಖಾಸಗಿ ವೈದ್ಯಕೀಯ ಕಾಲೇಜುಗಳಿವೆ, ಅದರಲ್ಲಿ ಒಂದು ಸುಳ್ಯದಲ್ಲೇ ಇದೆ. ವೈದ್ಯರಿಲ್ಲ ಎಂಬುದು ಈ ಜಿಲ್ಲೆಯ ಮುಖ್ಯ ದೂರಾಗಿರಲು ಸಾಧ್ಯವೇ ಇಲ್ಲ.

ಕರಾವಳಿಯಲ್ಲಿ ಸೇವೆ ಎಂಬುದು ಆರಂಭದಲ್ಲಿ ಹೀಗೆ ಶಿಬಿರದ ರೂಪದಲ್ಲಿರಲಿಲ್ಲ. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯ ತೆರೆದ ಜರ್ಮನಿಯ ಜೆಸ್ವಿತ್ ಪಾದ್ರಿ ಆಗಸ್ಟಸ್ ಮುಲ್ಲರ್ ಹತ್ತು ವರ್ಷದ ಬಳಿಕ ಕುಷ್ಠರೋಗಿಗಳಿಗಾಗಿ ಆಸ್ಪತ್ರೆ ಕಟ್ಟಿದರು. ಆಗ ಕುಷ್ಠವೆಂದರೆ ವರ್ಷಾನುಗಟ್ಟಲೆ ಗಾಯ ತೊಳೆದು ಪಟ್ಟಿ ಕಟ್ಟುವ ಕೆಲಸ. 1923ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯೆ ಇವಾ ಲೊಂಬಾರ್ಡ್ ಉಡುಪಿಯಲ್ಲಿ ಆರಂಭಿಸಿದ, ಜನ ಇಂದಿಗೂ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಸಂಸ್ಥೆ ಹೆಂಗಸರು, ಮಕ್ಕಳಿಗಾಗಿಯೇ ಹುಟ್ಟಿದ್ದು. ಇವೆರಡೂ ಬೆಳೆದದ್ದು ಒಂದೇ ಜಾಗದಲ್ಲಿ ಬೇರುಬಿಟ್ಟು ಕುಳಿತದ್ದರಿಂದ, ಅದೇ ರೋಗಿಯ ಮುಖವನ್ನು ಮತ್ತೆ ಮತ್ತೆ ನೋಡಿದ್ದರಿಂದ. ಧರ್ಮಪ್ರಚಾರದ ಆಶಯ ಅವುಗಳ ಹಿಂದಿತ್ತು ಎಂಬ ಟೀಕೆ ಇದೆ, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೂ ಕೆಲಸದ ಕ್ರಮ ಕಲಿಯುವಂಥದ್ದು.

ಈಗ ಮಹಿಳೆಯರು, ಮಕ್ಕಳು, ಹಿರಿಯರು ಎಂಬ ಆ ಮೂರು ಪದಗಳಿಗೆ ಬರೋಣ. ಸಂಸ್ಥೆಗಳ ಕರಪತ್ರಗಳಲ್ಲಿ ಇವು ಮೂರು ಫಲಾನುಭವಿ ವರ್ಗಗಳು. ಒಂದೊಂದಕ್ಕೂ ಬೇರೆ ಕಾರ್ಯಕ್ರಮ, ಬೇರೆ ಲೆಕ್ಕ. ಮನೆಯೊಳಗೆ ಮಾತ್ರ ಇವು ಒಂದೇ ಗಂಟು. ಮಗ ಬೆಂಗಳೂರಿನಲ್ಲೋ ಕೊಲ್ಲಿ ದೇಶದಲ್ಲೋ ಇರುವ ಮನೆಯಲ್ಲಿ ಅತ್ತೆಗೆ ಸ್ನಾನ ಮಾಡಿಸುವುದು, ಮಗುವಿಗೆ ಉಣ್ಣಿಸುವುದು, ಅಡಿಕೆ ಹೆಕ್ಕುವುದು, ಹಟ್ಟಿಯ ಕೆಲಸ ಎಲ್ಲಕ್ಕೂ ಇರುವುದು ಒಬ್ಬಳೇ ಹೆಂಗಸು. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆ ಇದನ್ನು ಅಂಕಿಯಲ್ಲಿ ಹೇಳಿತು. ಮನೆಗೆಲಸದಲ್ಲಿ ತೊಡಗುವ ಹೆಂಗಸು ದಿನಕ್ಕೆ ಸರಾಸರಿ 299 ನಿಮಿಷ ಸಂಬಳವಿಲ್ಲದೆ ದುಡಿಯುತ್ತಾಳೆ, ಗಂಡಸು 97 ನಿಮಿಷ. ಮನೆಯವರ ಆರೈಕೆಯನ್ನೂ ಮಾಡುವ ಹೆಂಗಸು ಅದಕ್ಕೆ ಕೊಡುವ ಸರಾಸರಿ 134 ನಿಮಿಷ ಇದರ ಮೇಲೆ. ಆಕೆ ಬೀಡಿಯನ್ನೂ ಕಟ್ಟುವವಳಾದರೆ ಬೆನ್ನುನೋವು, ಕೆಮ್ಮು ಬೇರೆ. ಬೀಡಿ ಕಾರ್ಮಿಕರ ಚಿಕಿತ್ಸಾಲಯಗಳಿಗೆ, ಅವರ ಮಕ್ಕಳ ವಿದ್ಯಾರ್ಥಿವೇತನಕ್ಕೆ ಆಧಾರವಾಗಿದ್ದ, 1976ರ ಕಾಯ್ದೆಯ ಸೆಸ್ 2017ರಲ್ಲಿ ಜಿಎಸ್‌ಟಿ ಬರುವಾಗ ರದ್ದಾಯಿತು. ಆಕೆ ಹಾಸಿಗೆ ಹಿಡಿದ ದಿನ ಮೂರು ತಲೆಮಾರಿನ ಆರೈಕೆಯೂ ಒಟ್ಟಿಗೇ ನಿಲ್ಲುತ್ತದೆ. ಆದ್ದರಿಂದ ಸಂಸ್ಥೆ ಮೊದಲು ಕೇಳಬೇಕಾದ ಪ್ರಶ್ನೆ ಈ ಮನೆಯಲ್ಲಿ ನೋಡಿಕೊಳ್ಳುವವರು ಯಾರು, ಆಕೆಯನ್ನು ನೋಡಿಕೊಳ್ಳುವವರು ಯಾರು ಎಂಬುದು.

ಇದರ ಅತ್ಯಂತ ಕಠೋರ ಉದಾಹರಣೆ ಈ ಸೀಮೆಯಲ್ಲೇ ಇದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ದಶಕಗಳ ಪರಿಣಾಮವನ್ನು ಕಾಸರಗೋಡಿನ ಪಡ್ರೆ, ಎಣ್ಮಕಜೆಯ ಕನ್ನಡಿಗರಂತೆ ಬೆಳ್ತಂಗಡಿಯ ಕೊಕ್ಕಡ, ಪುತ್ತೂರು, ಕಡಬ ತಾಲ್ಲೂಕಿನ ಹಳ್ಳಿಗಳೂ ಉಂಡವು. ಪಡ್ರೆ ಸಮೀಪದ ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ಅದನ್ನು ಮೊದಲು ಗುರುತಿಸಿದ್ದು ಹೇಗೆಂದರೆ, ವರ್ಷಾನುಗಟ್ಟಲೆ ಅದೇ ಊರಿನ ಅದೇ ಮನೆಗಳ ರೋಗಿಗಳನ್ನು ನೋಡುತ್ತಾ ಬಂದಿದ್ದರಿಂದ. ಒಂದು ದಿನದ ಶಿಬಿರಕ್ಕೆ ಬಂದುಹೋಗುವ ತಜ್ಞನಿಗೆ ಅದು ಕಾಣುತ್ತಿರಲಿಲ್ಲ. ಪತ್ರಕರ್ತ ಶ್ರೀಪಡ್ರೆ ಅದನ್ನು ಲೋಕಕ್ಕೆ ತಿಳಿಸಿದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ನಿಷೇಧ ಹೇರಿತು. ಸಂತ್ರಸ್ತರಿಗೆ ಮಾಸಾಶನ ಬಂತು, ಕೊಕ್ಕಡ ಮತ್ತು ಕೊಯಿಲದಲ್ಲಿ ಪಾಲನಾ ಕೇಂದ್ರಗಳು ಬಂದವು. ಆದರೆ ಅಂಗವೈಕಲ್ಯದೊಂದಿಗೆ ಹುಟ್ಟಿದ ಅಂದಿನ ಮಗು ಈಗ ಮೂವತ್ತು ದಾಟಿದೆ, ಎತ್ತಿಕೊಂಡು ತಿರುಗುತ್ತಿದ್ದ ತಾಯಿ ಅರುವತ್ತರ ಹತ್ತಿರ ಬಂದಿದ್ದಾಳೆ. ಆ ಮನೆಯಲ್ಲಿ ಮಗು ಯಾರು, ಹಿರಿಯರು ಯಾರು, ಯಾವ ಕಾರ್ಯಕ್ರಮದಡಿ ಯಾರಿಗೆ ನೆರವು ಎಂದು ವಿಂಗಡಿಸಲು ಹೊರಟರೆ ಅರ್ಥವೇ ಇರುವುದಿಲ್ಲ.

ಮನೆಭೇಟಿಯ ಸೇವೆ ಹೇಳಲು ಚೆಂದ, ನಡೆಸಲು ಅಸಾಧ್ಯ ಎನ್ನುವವರು ಗಡಿಯಾಚೆ ನೋಡಬೇಕು. ಪುತ್ತೂರು, ಸುಳ್ಯ ತಾಲ್ಲೂಕುಗಳ ತೆಂಕಣ ಗಡಿಗೆ ತಾಗಿಕೊಂಡಿರುವ ಎಣ್ಮಕಜೆ, ಬೆಳ್ಳೂರು, ದೇಲಂಪಾಡಿ ಪಂಚಾಯಿತಿಗಳು ಕೇರಳದವು. ಗುಡ್ಡೆ, ತೋಟ, ಕಾಲುಸಂಕ ಅಲ್ಲೂ ಇವೇ. 1993ರಲ್ಲಿ ಕೋಯಿಕ್ಕೋಡಿನ ಕೆಲವು ವೈದ್ಯರು ಆರಂಭಿಸಿದ ನೋವುಶಮನ ಸೇವೆ ಮಲಪ್ಪುರಂ ಜಿಲ್ಲೆಯಲ್ಲಿ ನೆರೆಹೊರೆಯ ಜಾಲವಾಗಿ ಬೆಳೆಯಿತು. ವಾರಕ್ಕೆ ಒಂದೆರಡು ಗಂಟೆ ಕೊಡುವ ಸಾಮಾನ್ಯ ಜನರಿಗೆ ಕೆಲವೇ ದಿನಗಳ ತರಬೇತಿ, ಅವರ ಹಿಂದೆ ಒಬ್ಬ ನರ್ಸ್, ನರ್ಸ್ ಹಿಂದೆ ಒಬ್ಬ ವೈದ್ಯ. ಹಾಸಿಗೆ ಹುಣ್ಣು ತೊಳೆಯುವುದು, ಕ್ಯಾಥೆಟರ್ ಬದಲಿಸುವುದು, ಮಾತ್ರೆ ಮುಗಿಯುವ ಮೊದಲೇ ತಲುಪಿಸುವುದು, ಸುಮ್ಮನೆ ಕುಳಿತು ಮಾತಾಡುವುದು ಈ ತಂಡದ ಕೆಲಸ. ಬಹುಮಟ್ಟಿಗೆ ಚಿಲ್ಲರೆ ದೇಣಿಗೆಗಳಿಂದ ಅದು ನಡೆಯಿತು. 2008ರಲ್ಲಿ ಕೇರಳ ಸರ್ಕಾರ ಅದನ್ನು ನೀತಿಯಾಗಿ ಒಪ್ಪಿಕೊಂಡು ಮನೆ ಆರೈಕೆಯನ್ನು ಪಂಚಾಯಿತಿಗಳ ಹೊಣೆಯಾಗಿಸಿತು. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೇ ತಿಂಗಳಿಗೆ 600 ರೂಪಾಯಿ ಕೊಡುವ ಆಶ್ವಾಸಕಿರಣಂ ಎಂಬ ಯೋಜನೆಯೂ ಅಲ್ಲಿದೆ. ಮೊತ್ತ ಅಲ್ಪ, ಪಾವತಿ ಬಾಕಿ ಬೀಳುವ ದೂರುಗಳೂ ಬೇಕಾದಷ್ಟು. ಆದರೆ ನೋಡಿಕೊಳ್ಳುವುದು ಒಂದು ದುಡಿಮೆ ಎಂದು ಸರ್ಕಾರಿ ಕಡತವೊಂದು ಒಪ್ಪಿಕೊಂಡಿತಲ್ಲ!

ಇಲ್ಲೊಂದು ಗಟ್ಟಿ ಆಕ್ಷೇಪ ಏಳುತ್ತದೆ. ಆರೋಗ್ಯ ಸರ್ಕಾರದ ಹೊಣೆ. ದಾನಿಗಳು ಆ ಜಾಗ ತುಂಬುತ್ತಾ ಹೋದರೆ ಸರ್ಕಾರ ನಿರಾಳವಾಗಿ ಕೈತೊಳೆದುಕೊಳ್ಳುವುದಿಲ್ಲವೇ? ಬೀಡಿ ಸೆಸ್‌ನ ಕಥೆ ನೋಡಿದರೆ ಈ ಭಯ ಸುಳ್ಳಲ್ಲ. ವೃದ್ಧಾಪ್ಯ ವೇತನದಲ್ಲಿ 60ರಿಂದ 79 ವರ್ಷದವರಿಗೆ ಕೇಂದ್ರ ಕೊಡುವ ಪಾಲು ಬಹಳ ವರ್ಷಗಳಿಂದ 200 ರೂಪಾಯಿಯಲ್ಲೇ ನಿಂತಿರುವುದೂ ಅದನ್ನೇ ಹೇಳುತ್ತದೆ. ಆದರೆ ಕೇರಳದಲ್ಲಿ ನಡೆದದ್ದು ಇದಕ್ಕೆ ತಿರುಗುಮುರುಗು. ಅಲ್ಲಿ ಸ್ವಯಂಸೇವಕರು ಮೊದಲು ಮಾಡಿ ತೋರಿಸಿದರು, ಸರ್ಕಾರ ಹಿಂದೆ ಬರಬೇಕಾಯಿತು. ಶಿಬಿರ ಹೀಗೆ ಒತ್ತಡ ಹೇರಲಾರದು, ಏಕೆಂದರೆ ಅದರ ಬಳಿ ಮರುದಿನದ ಮಾಹಿತಿಯೇ ಇರುವುದಿಲ್ಲ. ಪ್ರತಿ ತಿಂಗಳು ಅದೇ ಮನೆಗೆ ಹೋಗುವ ಸಂಸ್ಥೆಗೆ ಉಪಕೇಂದ್ರದಲ್ಲಿ ಯಾವ ಮಾತ್ರೆ ಇಲ್ಲ, ಯಾರ ಸಂಧ್ಯಾ ಸುರಕ್ಷಾ ಪಿಂಚಣಿ ನಿಂತಿದೆ, ಯಾವ ಮಗು ಅಂಗನವಾಡಿಗೆ ಬರುತ್ತಿಲ್ಲ ಎಂಬುದು ಗೊತ್ತಿರುತ್ತದೆ. ಅದನ್ನು ಗ್ರಾಮಸಭೆಯಲ್ಲಿ ಎದ್ದು ನಿಂತು ಓದುವ ಧೈರ್ಯ ಇರಬೇಕು, ಅಷ್ಟೇ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಐದು ಲಕ್ಷ ಇರುವುದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ. ಬಿಡುಗಡೆಯಾಗಿ ಮನೆಗೆ ಬಂದ ಮೇಲಿನ ಡೈಪರ್, ಗಾಯದ ಬಟ್ಟೆ, ಆಟೋ ಬಾಡಿಗೆ ಯಾವ ಕಾರ್ಡಿನಲ್ಲೂ ಬರುವುದಿಲ್ಲ. ದಾನದ ಹಣ ಹೋಗಬೇಕಾದ್ದು ಅಲ್ಲಿಗೆ.

ಹಣ ಎಲ್ಲಿಂದ ಎಂಬ ಪ್ರಶ್ನೆಯನ್ನು ಈ ಸೀಮೆಯ ಜನ ಕೇಳಬಾರದು. ಅಡಿಕೆಯ ಧಾರಣೆ ಏರಿಳಿಯಬಹುದು, ಎಲೆಚುಕ್ಕಿ, ಹಳದಿರೋಗ ಕಾಡಬಹುದು. ಆದರೂ ದೇವಸ್ಥಾನದ ಬ್ರಹ್ಮಕಲಶೋತ್ಸವ ಬಂದರೆ ಲಕ್ಷಗಳಲ್ಲಿ ದೇಣಿಗೆ ಕೂಡುತ್ತದೆ, ನೂರಾರು ಜನ ಪಾಳಿಯಲ್ಲಿ ಬಂದು ಕರಸೇವೆ ಮಾಡುತ್ತಾರೆ, ಹೊರೆಕಾಣಿಕೆ ಹತ್ತೂರಿನಿಂದ ಬರುತ್ತದೆ. ಸಂಘಟನೆಯ ಈ ಶಕ್ತಿ ಕರ್ನಾಟಕದ ಬೇರೆಡೆ ಸುಲಭವಾಗಿ ಸಿಗುವುದಿಲ್ಲ. ತೊಡಕಿರುವುದು ದಾನಿಗಳ ಅಭಿರುಚಿಯಲ್ಲಿ. ಕಟ್ಟಡಕ್ಕೆ, ಆಂಬುಲೆನ್ಸಿಗೆ, ಡಯಾಲಿಸಿಸ್ ಯಂತ್ರಕ್ಕೆ ಹೆಸರು ಬರೆಸಬಹುದು. ನರ್ಸಿನ ಸಂಬಳದ ಮೇಲೆ ಯಾರ ಹೆಸರನ್ನೂ ಕೆತ್ತಲಾಗದು. 2013ರ ಕಂಪನಿ ಕಾಯ್ದೆಯಡಿ ಲಾಭದ ಎರಡು ಶೇಕಡ ಹಣ ಖರ್ಚು ಮಾಡುವ ಕಂಪನಿಗಳಿಗೂ ಇದೇ ಮೋಹ. ಲೆಕ್ಕ ಹಾಕಿ ನೋಡಿ: ಒಬ್ಬ ನರ್ಸ್ ದಿನಕ್ಕೆ ಆರು ಮನೆಗೆ ಹೋದರೂ ವಾರದ ಐದು ದಿನಕ್ಕೆ 30 ಮನೆ, ಹದಿನೈದು ದಿನಕ್ಕೊಮ್ಮೆ ಎಂದಿಟ್ಟುಕೊಂಡರೆ 60 ಮನೆ. ಒಂದು ಗ್ರಾಮ ಪಂಚಾಯಿತಿಯಲ್ಲಿ ಹಾಸಿಗೆ ಹಿಡಿದವರ, ತೀವ್ರ ಅಂಗವೈಕಲ್ಯದ ಮಕ್ಕಳ, ಒಂಟಿ ಹಿರಿಯರ ಮನೆಗಳಲ್ಲಿ ಅತಿ ಕಷ್ಟದವನ್ನು ಮುಟ್ಟಲು ಒಂದು ಸಂಬಳ, ಒಂದು ಸ್ಕೂಟರು ಸಾಕು.

ಇನ್ನೊಂದು ಆಕ್ಷೇಪವನ್ನು ಜನ ಬಾಯಿಬಿಟ್ಟು ಹೇಳುವುದಿಲ್ಲ. ಕರಾವಳಿಯಲ್ಲಿ ಇಂದು ಸೇವೆಯೆಂಬುದು ಯಾವ ಸಮುದಾಯದ್ದು, ಯಾವ ಪಕ್ಷದ್ದು ಎಂಬ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರದು. ಒಳಮನೆಯವರೆಗೆ ಬರುವ ಸ್ವಯಂಸೇವಕನ ಬಗ್ಗೆ ಶಂಕೆ ಏಳುವುದು ಸಹಜ. ಮರ್ಯಾದೆಯ ಪ್ರಶ್ನೆಯೂ ಇದೆ. ತಂದೆಯನ್ನು ನೋಡಿಕೊಳ್ಳಲು ಹೊರಗಿನವರು ಬಂದರು ಎಂದರೆ ಊರು ಏನೆಂದೀತು ಎಂದು ಬೆಂಗಳೂರಿನ ಮಗ ಅಂಜುತ್ತಾನೆ. ಇದಕ್ಕೆ ಉಪದೇಶ ಪರಿಹಾರವಲ್ಲ, ಕಟ್ಟುನಿಟ್ಟಿನ ಕ್ರಮ ಬೇಕು. ಮನೆಗಳ ಪಟ್ಟಿಯನ್ನು ಸಂಸ್ಥೆ ತಾನೇ ಮಾಡದೆ ಆಶಾ ಕಾರ್ಯಕರ್ತೆ ಮತ್ತು ಪಂಚಾಯಿತಿಯಿಂದ ಪಡೆಯಬೇಕು. ರೋಗಿಯ ಫೋಟೊ ತೆಗೆಯಕೂಡದು, ವಾಟ್ಸ್ಆ್ಯಪ್‌ಗೆ ಹಾಕಕೂಡದು, ಶಾಲು, ಬ್ಯಾನರು ಬೇಡ. ಸಮಿತಿಯಲ್ಲಿ ಊರಿನ ಎಲ್ಲ ಸಮುದಾಯದವರೂ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಫೋಟೊ ಇಲ್ಲದೆ ಸೇವೆ ನಡೆಸಲು ಒಪ್ಪದ ಸಂಸ್ಥೆಗೆ ಪಟ್ಟಿ ಕೊಡದಿರುವ ಅಧಿಕಾರ ಪಂಚಾಯಿತಿಗೆ ಇರಲಿ.

ಸರ್ಕಾರದ ಕಡೆಯಿಂದ ಹೊಸ ನೆಲೆಯೊಂದು ಸಿದ್ಧವಾಗುತ್ತಿದೆ. 2024ರ ಅಕ್ಟೋಬರಿನಲ್ಲಿ ಕೋಲಾರದಲ್ಲಿ ಆರಂಭವಾದ ಗೃಹ ಆರೋಗ್ಯ ಯೋಜನೆ ಮನೆಮನೆಗೆ ಹೋಗಿ ಅಸಾಂಕ್ರಾಮಿಕ ರೋಗಗಳ ತಪಾಸಣೆ ನಡೆಸುವ ಪ್ರಯತ್ನ. ಆದರೆ ಆ ಹೊರೆಯೂ ಬೀಳುವುದು ಮುಖ್ಯವಾಗಿ ಆಶಾ ಕಾರ್ಯಕರ್ತೆಯರ ಮೇಲೆ, ಅಂದರೆ ಗೌರವಧನಕ್ಕಾಗಿ 2025ರ ಜನವರಿಯಲ್ಲಿ ಬೆಂಗಳೂರಿನ ಚಳಿಯಲ್ಲಿ ಧರಣಿ ಕುಳಿತ ಅದೇ ಹೆಂಗಸರ ಮೇಲೆ. ತಪಾಸಣೆಯಲ್ಲಿ ಸಿಕ್ಕವರ ಬೆನ್ನು ಹತ್ತುವವರು ಯಾರು ಎಂಬಲ್ಲಿಗೆ ಪ್ರಶ್ನೆ ಮತ್ತೆ ಬಂದು ನಿಲ್ಲುತ್ತದೆ. ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅಂಗವಿಕಲರಿಗಾಗಿ ಸ್ವಂತ ಆದಾಯದ ಐದು ಶೇಕಡ ತೆಗೆದಿಡುವ ನಿಯಮವಿದೆ. ಮಹಿಳಾ ಗ್ರಾಮಸಭೆ, ಮಕ್ಕಳ ಗ್ರಾಮಸಭೆಗಳಿವೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮತ್ತು ಸರ್ಕಾರದ ಸಂಜೀವಿನಿಯ ಸ್ವಸಹಾಯ ಸಂಘಗಳು ವಾರ ತಪ್ಪದೆ ಸೇರುತ್ತವೆ. ಇಷ್ಟಿದ್ದೂ ಸಿಗದೆ ಇರುವುದು ಒಂದೇ: ನೋಡಿಕೊಳ್ಳುವ ಹೆಂಗಸಿಗೆ ವಾರದಲ್ಲಿ ಅರ್ಧ ದಿನ. ಆ ಅರ್ಧ ದಿನ ಆಕೆ ತನ್ನ ರಕ್ತಪರೀಕ್ಷೆಗೆ ಪುತ್ತೂರಿಗೆ ಹೋಗಬಹುದು, ಮದುವೆಗೆ ಹೋಗಬಹುದು, ಬಾಗಿಲು ಹಾಕಿ ಮಲಗಿಯೂ ಬಿಡಬಹುದು. ಕಾರಣವನ್ನು ಸಂಸ್ಥೆ ಕೇಳಬೇಕಾಗಿಲ್ಲ. ಆ ಹೊತ್ತಿನಲ್ಲಿ ರೋಗಿಯ ಬಳಿ ಕೂರಲು ತರಬೇತಾದ ಸ್ವಯಂಸೇವಕರು ಬೇಕು, ಮತ್ತು ಈ ಪಾಳಿ ಮತ್ತೆ ಹೆಂಗಸರ ತಲೆಗೇ ಬೀಳದಂತೆ ಮೊದಲ ತಂಡದಲ್ಲಿ ಗಂಡಸರ ಹೆಸರುಗಳೇ ಹೆಚ್ಚಿರಬೇಕು. ಶಿಬಿರದ ದಿನ ಶಾಮಿಯಾನ ಕಟ್ಟಲು ಹುಮ್ಮಸ್ಸಿನಿಂದ ಬರುವ ಯುವಕ ಮಂಡಲದಿಂದಲೇ ಈ ಹೆಸರುಗಳನ್ನು ಬರೆದುಕೊಳ್ಳಲು ಶುರು ಮಾಡಬಹುದು.