ರಕ್ತ ನಮ್ಮದು, ಓದುವವರು ಯಾರು?



ಹುಟ್ಟಿನಿಂದ ಮೇಲು, ರಕ್ತದಿಂದ ಶುದ್ಧ ಅಂತ ನಮ್ಮ ತಲೆ ಮೇಲೆ ಕೂತವರಿಗೆ ಪ್ರಯೋಗಶಾಲೆಯೇ ಉತ್ತರ ಕೊಟ್ಟಿದೆ. ಹೈದರಾಬಾದಿನ ಸಿ.ಸಿ.ಎಂ.ಬಿ.ಯ ಲಾಲ್‌ಜಿ ಸಿಂಗ್, ತಂಗರಾಜ್ ಮತ್ತು ಅಮೆರಿಕದ ಡೇವಿಡ್ ರೈಕ್ ಅವರ ತಂಡ 2009ರಲ್ಲಿ 25 ಗುಂಪುಗಳ 132 ಜನರ ಡಿ.ಎನ್.ಎ. ನೋಡಿತು. ಅದರಲ್ಲಿ ಆಂಧ್ರದ ಮಾಲ, ಮಾದಿಗರೂ ಇದ್ದರು. 2013ರಲ್ಲಿ 73 ಗುಂಪುಗಳನ್ನು ನೋಡಿ ಹೇಳಿದ್ದು ಇಷ್ಟು: 4,200ರಿಂದ 1,900 ವರ್ಷಗಳ ಹಿಂದೆ ಈ ನೆಲದ ಜನ ಬೆರೆತರು; ಆಮೇಲೆ ಜಾತಿಯೊಳಗೇ ಮದುವೆ ಎಂಬ ಬೇಲಿ ಬಿತ್ತು. ಹೆಚ್ಚುಕಡಿಮೆ ಎಲ್ಲರೂ ಬೆರಕೆಯೇ. ಇನ್ನೆಲ್ಲಿಯ ಶುದ್ಧ?

ಒಳಮದುವೆಯೇ ಜಾತಿಯ ಜೀವ ಎಂದು ಬಾಬಾಸಾಹೇಬರು 1916ರಲ್ಲೇ, ಕೊಲಂಬಿಯಾದಲ್ಲಿ ಓದುತ್ತಿದ್ದಾಗಲೇ ತೋರಿಸಿಕೊಟ್ಟಿದ್ದರು. ಆ ಕೋಣೆಯಲ್ಲಿ ಅವರಿಗೊಂದು ಕುರ್ಚಿ ಇತ್ತು, ಅದಕ್ಕೇ ಆ ಮಾತು ಬಂತು.

ನಮ್ಮ ಮಕ್ಕಳಿಗೆ ಆ ಕುರ್ಚಿ ಎಲ್ಲಿದೆ? 2006ರಲ್ಲಿ ಪಾರ್ಲಿಮೆಂಟು ಕೇಂದ್ರದ ವಿದ್ಯಾಸಂಸ್ಥೆಗಳ ಪ್ರವೇಶಕ್ಕೆ ಮೀಸಲಾತಿ ಕಾಯ್ದೆ ಮಾಡಿತು. ಪರಿಶಿಷ್ಟ ಜಾತಿಗೆ ನೂರಕ್ಕೆ 15, ಪಂಗಡಕ್ಕೆ ಏಳೂವರೆ. ಅದೇ ಕಾಯ್ದೆಯ ಕೊನೆಗೆ ಒಂದು ಪಟ್ಟಿ ಅಂಟಿಸಿ, ಕೆಲವು 'ಶ್ರೇಷ್ಠ' ಸಂಸ್ಥೆಗಳನ್ನು ಹೊರಗಿಟ್ಟಿತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಅದರಲ್ಲಿತ್ತು. ಮಾಲಿಕ್ಯುಲರ್ ಬಯಾಲಜಿ, ಜೆನೆಟಿಕ್ಸ್ ವಿಭಾಗವಿರುವ ನಮ್ಮ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರವೂ ಇತ್ತು. ಶ್ರೇಷ್ಠತೆಗೂ ನಮಗೂ ಆಗಿಬರೋದಿಲ್ಲ ಅಂತ ಇದರ ಅರ್ಥ ತಾನೆ?

ಬಾಗಿಲು ಅಷ್ಟೇ ಅಲ್ಲ, ಮೆಟ್ಟಿಲೂ ಎತ್ತರ. ಫೆಲೋಶಿಪ್ಪಿನ ಸಿ.ಎಸ್.ಐ.ಆರ್. ನೆಟ್ ಪರೀಕ್ಷೆಯ ಪ್ರಶ್ನೆಗಳು ಇಂಗ್ಲಿಷು, ಹಿಂದಿಯಲ್ಲಿ ಬರುತ್ತವೆ, ಕನ್ನಡದಲ್ಲಿ ಇಲ್ಲ. ಬಿ.ಎಸ್ಸಿ. ಮುಗಿಸಿದ ಹುಡುಗ ಮನೆ ಸಾಲ ನೋಡಿ ಸಿಕ್ಕ ಕೆಲಸಕ್ಕೆ ಹೋಗ್ತಾನೆ. ಗೆದ್ದರೆ ತಿಂಗಳಿಗೆ ಮೂವತ್ತು ಸಾವಿರಕ್ಕೂ ಮೇಲೆ ಕೊಟ್ಟು ಓದಿಸ್ತಾರೆ ಅಂತ ಅವನಿಗೆ ಹೇಳುವವರೇ ಇಲ್ಲ.

10,000 ಭಾರತೀಯರ ಪೂರ್ತಿ ಜೀನೋಮ್ ದತ್ತಾಂಶವನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿಟ್ಟರು. ಅದನ್ನು ಓದಿ ನಾಳೆ ಯಾರೋ ಒಬ್ಬ, ಈ ಜಾತಿಗೆ ಬುದ್ಧಿ ಕಮ್ಮಿ ಅಂತ ಬರೆದರೆ, ಅದೇ ಅಂಕಿ ಹಿಡಿದು ಸುಳ್ಳು ಅನ್ನೋಕೆ ನಮ್ಮವರು ಬೇಕಲ್ಲ?

ಆ ಪಟ್ಟಿ ಕಿತ್ತುಹಾಕಿ ಅಂತ ಕೇಳೋಣ. ಹಾಸ್ಟೆಲಿಗೆ ಹೋಗಿ, ವಿಜ್ಞಾನ ಓದುವ ಹುಡುಗ ಹುಡುಗಿಯರನ್ನು ಕೂರಿಸಿಕೊಂಡು ದಾರಿ ಹೇಳೋಣ. ರಕ್ತ ಕೊಟ್ಟಿದ್ದು ಸಾಕು. ಇನ್ನು ಅದನ್ನು ಓದುವ ಕೆಲಸವೂ ನಮ್ಮದಾಗಲಿ.