ಹಿಮದ ಬಂಡಿ ಮೊದಲು ಯಾರಿಗೆ?

2020ನೆಯ ಇಸವಿಯ ಜನವರಿಯಲ್ಲಿ ಕಾಶ್ಮೀರದ ಕಣಿವೆಯ ಒಬ್ಬ ತುಂಬು ಗರ್ಭಿಣಿಯನ್ನು ತುರ್ತಾಗಿ ಆಸ್ಪತ್ರೆಗೆ ಸೇರಿಸಬೇಕಾಗಿ ಬಂತು. ದಾರಿಯೆಲ್ಲ ಹಿಮದಿಂದ ಮುಚ್ಚಿತ್ತು. 100ಕ್ಕೆ ಮೇಲ್ಪಟ್ಟ ಸೈನಿಕರೂ ಸುಮಾರು 30 ಮಂದಿ ಸ್ಥಳೀಯರೂ ಕೂಡಿ ಆಕೆಯನ್ನು ಸ್ಟ್ರೆಚರಿನ ಮೇಲೆ ಹೊತ್ತು ನಾಲ್ಕು ಗಂಟೆಗಳ ಕಾಲ ನಡೆದು ಆಸ್ಪತ್ರೆ ಮುಟ್ಟಿಸಿದರು. ತಾಯಿಯೂ ಮಗುವೂ ಸುಖವಾಗಿ ಉಳಿದರೆಂಬುದು ಸಂತೋಷದ ಸಂಗತಿ. ಸೈನಿಕರ ಈ ಸೇವೆಯನ್ನು ದೇಶವೆಲ್ಲ ಕೊಂಡಾಡಿತು, ನಾವೂ ಕೊಂಡಾಡುತ್ತೇವೆ. ಆದರೆ ಕೊಂಡಾಟವೆಲ್ಲ ಮುಗಿದ ಮೇಲೆ ಕೇಳಬೇಕಾದ ಒಂದು ಪ್ರಶ್ನೆ ಉಳಿದೇ ಹೋಯಿತು. ಅದೇ ಕಣಿವೆಯ ಗುಲ್ಮಾರ್ಗದಲ್ಲಿ ಹಣ ತೆತ್ತ ಪ್ರವಾಸಿಗಳನ್ನು ಕೂರಿಸಿಕೊಂಡು ಆಳವಾದ ಹಿಮದ ಮೇಲೆ ಓಡುವ ಯಂತ್ರಗಳು ಪ್ರತಿ ಚಳಿಗಾಲದಲ್ಲಿಯೂ ಸಿದ್ಧವಾಗಿ ನಿಂತಿರುತ್ತವೆ. ವಿಹಾರಕ್ಕೆ ಬಂದವನಿಗೆ ಯಂತ್ರ, ಹೆರಿಗೆಗೆ ಹೊರಟವಳಿಗೆ ಮನುಷ್ಯರ ಹೆಗಲು ಎಂಬ ಈ ಏರ್ಪಾಟು ಯಾವ ನ್ಯಾಯಕ್ಕೆ ಸೇರಿದುದು?

ನಮ್ಮ ವಾಚಕರಲ್ಲಿ ಬಹುಮಂದಿ ಹಿಮವನ್ನು ಕಣ್ಣಾರೆ ಕಂಡವರಲ್ಲವಾದುದರಿಂದ ಈ ಯಂತ್ರದ ಬಗೆಯನ್ನು ಎರಡು ಮಾತಿನಲ್ಲಿ ಹೇಳುವುದು ಅಪ್ರಸ್ತುತವಾಗಲಾರದು. ಕೆಸರುಗದ್ದೆಯಲ್ಲಿ ಗಾಡಿಯ ಚಕ್ರ ಹೂತುಹೋಗುತ್ತದೆ. ಹಲಗೆ ಹಾಸಿ ನಿಂತವನು ಹೂತುಹೋಗುವುದಿಲ್ಲ. ಹಿಮವಾಹನವು ತನ್ನ ದಾರಿಗೆ ತಾನೇ ಹಲಗೆ ಹಾಸಿಕೊಂಡು ಹೋಗುವ ಗಾಡಿ. ಹಿಂದೆ ಅಗಲವಾದ ರಬ್ಬರಿನ ಪಟ್ಟೆಯೊಂದು ಹಲ್ಲುಗಾಲಿಗಳ ಸುತ್ತ ಸುತ್ತುತ್ತ ಭಾರವನ್ನೆಲ್ಲ ಹರಡಿ ಹಿಡಿಯುತ್ತದೆ. ಮುಂದೆ ಎರಡು ಜಾರುಹಲಗೆಗಳು ದಿಕ್ಕನ್ನು ತಿರುಗಿಸುತ್ತವೆ. ಮಿಕ್ಕುದೆಲ್ಲ ಮೋಟಾರು ಸೈಕಲ್ಲಿನಂತೆಯೆ.

ಈ ಯಂತ್ರಕ್ಕೆ ಇಂದಿನ ರೂಪ ಬಂದುದು ಕೆನಡಾ ದೇಶದ ಕ್ವಿಬೆಕ್ ಪ್ರಾಂತದ ವಾಲ್ಕೂರ್ ಎಂಬ ಸಣ್ಣ ಊರಿನಲ್ಲಿ. ಅಲ್ಲಿಯ ಜೋಸೆಫ್-ಆರ್ಮಾಂ ಬೊಂಬಾರ್ಡಿಯರ್ ಎಂಬಾತನು 1922ರಲ್ಲಿ, ತನ್ನ ಹದಿನೈದನೆಯ ವಯಸ್ಸಿನಲ್ಲಿಯೇ, ಹಳೆಯ ಫೋರ್ಡ್ ಕಾರಿನ ಇಂಜಿನ್ನನ್ನು ಜಾರುಬಂಡಿಗೆ ಕಟ್ಟಿ, ಹಿಂದೆ ವಿಮಾನದ ಪಂಖದಂಥದೊಂದನ್ನು ತಿರುಗಿಸಿ, ಊರ ಬೀದಿಯಲ್ಲಿ ಓಡಿಸಿದನು. ಅಪಾಯವನ್ನು ಕಂಡ ತಂದೆ ಅದನ್ನು ಬಿಚ್ಚಿಹಾಕಿಸಿದನು. ಹುಡುಗನ ಹುಚ್ಚು ಮಾತ್ರ ಬಿಡಲಿಲ್ಲ; ಬೆಳೆದು ಗ್ಯಾರೇಜು ಇಟ್ಟುಕೊಂಡ ಮೇಲೂ ಬಿಡುವು ಸಿಕ್ಕಾಗಲೆಲ್ಲ ಅದೇ ಪ್ರಯೋಗ. 1934ರ ಚಳಿಗಾಲದಲ್ಲಿ ಆತನ ಎರಡು ವರ್ಷದ ಮಗನಿಗೆ ಅಪೆಂಡಿಸೈಟಿಸ್ ಉಲ್ಬಣಿಸಿತು. ಆಸ್ಪತ್ರೆ ಸುಮಾರು 50 ಕಿಲೋಮೀಟರು ದೂರ, ರಸ್ತೆಗಳೆಲ್ಲ ಹಿಮದಡಿಯಲ್ಲಿ. ಗ್ಯಾರೇಜಿನಲ್ಲಿದ್ದ ಪ್ರಯೋಗದ ಯಂತ್ರ ಓಡುವ ಸ್ಥಿತಿಯಲ್ಲಿರಲಿಲ್ಲ. ಮಗು ತೀರಿಕೊಂಡಿತು.

ದುಃಖದಲ್ಲಿ ಕೈಕಟ್ಟಿ ಕೂರದೆ ಆತನು ಕೆಲಸಕ್ಕೆ ಕೈಹಚ್ಚಿದನು. ರಬ್ಬರು ಹೊದಿಸಿದ ಹಲ್ಲುಗಾಲಿ ಹಾಗೂ ಪಟ್ಟೆಯ ವಿಧಾನಕ್ಕೆ 1937ರಲ್ಲಿ ಪೇಟೆಂಟು ದೊರೆಯಿತು. ಏಳು ಮಂದಿ ಕೂರುವ ಬಿ-7 ಎಂಬ ಗಾಡಿಯೂ, ಬಳಿಕ ಹನ್ನೆರಡು ಮಂದಿ ಕೂರುವ ಬಿ-12 ಎಂಬುದೂ ಹೊರಬಂದವು. ಅವುಗಳಲ್ಲಿ ಮೊದಲು ಕೂತವರು ಯಾರೆಂಬುದನ್ನು ಗಮನಿಸಬೇಕು: ರೋಗಿಯ ಮನೆಗೆ ಹೊರಟ ವೈದ್ಯರು, ಅಂಚೆಯವರು, ಶಾಲೆಗೆ ಹೋಗುವ ಮಕ್ಕಳು. 1948ರಲ್ಲಿ ಕ್ವಿಬೆಕ್ ಸರಕಾರವು ಹಳ್ಳಿಯ ರಸ್ತೆಗಳ ಹಿಮವನ್ನೂ ತೆಗೆಸುವ ಹೊಣೆಯನ್ನು ತಾನೇ ವಹಿಸಿಕೊಂಡಿತು. ಬೊಂಬಾರ್ಡಿಯರನ ಮಾರಾಟ ಒಂದೇ ವರ್ಷದಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ವ್ಯಾಪಾರಿಗೆ ನಷ್ಟವಾದರೂ ಪ್ರಜೆಗಳಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಮತ್ತೊಂದಿರಲಾರದು. ಒಬ್ಬಿಬ್ಬರು ಕೂರುವ ಚಿಕ್ಕ ಸ್ಕೀ-ಡೂ ಹೊರಬಂದುದು ಅದಾದ ಮೇಲೆ, 1959ರಲ್ಲಿ. ಅದನ್ನೂ ಆತನು ದೂರದ ಕಾಡುಗಳಲ್ಲಿ ತಿರುಗುವ ಪಾದ್ರಿಗಳನ್ನೂ ಬೇಟೆಗಾರರನ್ನೂ ಎಣಿಸಿ ಮಾಡಿದುದು. ಜನ ಅದನ್ನು ವಿನೋದದ ವಾಹನವಾಗಿ ಮಾಡಿಕೊಂಡರು. ವಿನೋದವನ್ನು ನಾವು ಹಳಿಯುವುದಿಲ್ಲ. ಅದರ ಹೊಗೆಯೂ ಗದ್ದಲವೂ ಅಮೆರಿಕದ ಯೆಲ್ಲೋಸ್ಟೋನ್ ಉದ್ಯಾನದ ಬಾಗಿಲು ಕಾಯುವವರು ಮೂಗಿಗೆ ಮುಸುಕು ಹಾಕಿಕೊಳ್ಳುವಷ್ಟಕ್ಕೆ ಏರಿ, ವರ್ಷಗಟ್ಟಲೆ ನ್ಯಾಯಾಲಯದ ವ್ಯಾಜ್ಯವಾಯಿತೆಂಬುದು ಬೇರೆಯ ಮಾತು. ಕ್ವಿಬೆಕ್ಕಿನಲ್ಲಿ ಅವಶ್ಯಕತೆ ಮೊದಲು ತೀರಿತು, ವಿನೋದ ಆಮೇಲೆ ಬಂತು. ನಮ್ಮ ಹಿಮಾಲಯದಲ್ಲಿ ಈ ಕ್ರಮ ತಲೆಕೆಳಗಾಗಿರುವುದೇ ನಮ್ಮ ಆಕ್ಷೇಪಣೆಗೆ ಕಾರಣ.

ನಮ್ಮ ಬೆಟ್ಟಗಳ ಕಡಿದಾದ ದಾರಿಗಳಿಗೆ ಇಂಥ ಯಂತ್ರಗಳು ಸಲ್ಲವೆಂದು ಹೇಳುವವರುಂಟು. ಅಂಥವರು 1948ನೆಯ ಇಸವಿಯನ್ನು ನೆನೆಯಬೇಕು. ಲಡಾಖಿನ ದಾರಿಯನ್ನು ತೆರೆಯಲು 11,000 ಅಡಿಗೂ ಮೇಲಿರುವ ಜೋಜಿ ಲಾ ಕಣಿವೆದಾರಿಯನ್ನು ಗೆಲ್ಲಬೇಕಾಗಿತ್ತು. ಕೊಡಗಿನ ವೀರರಾದ ಜನರಲ್ ಕೆ. ಎಸ್. ತಿಮ್ಮಯ್ಯನವರು ಅಲ್ಲಿಗೆ ಪಟ್ಟೆಗಾಲಿಯ ಸ್ಟುವರ್ಟ್ ಟ್ಯಾಂಕುಗಳನ್ನು ಕೊಂಡೊಯ್ಯಲು ನಿಶ್ಚಯಿಸಿದರು. ಟ್ಯಾಂಕುಗಳನ್ನು ಬಿಚ್ಚಿ ಶ್ರೀನಗರದ ಮೂಲಕ ಗುಟ್ಟಾಗಿ ಸಾಗಿಸಿದರು; ಸೇತುವೆಗಳ ಮೇಲೆ ಹಗ್ಗದಿಂದ ಎಳೆದು ದಾಟಿಸಿದರು; ಬೆಂಗಳೂರನ್ನೇ ಕೇಂದ್ರವಾಗುಳ್ಳ ಮದರಾಸು ಸ್ಯಾಪರ್ಸ್ ದಳದವರು ಹೇಸರಗತ್ತೆಯ ಕಾಲುಹಾದಿಯನ್ನು ಜೀಪು ಹೋಗುವ ದಾರಿಯಾಗಿ ಮಾಡಿದರು. ನವೆಂಬರ್ 1ರಂದು ಟ್ಯಾಂಕುಗಳು ಆ ಎತ್ತರದಲ್ಲಿ ಕಾಣಿಸಿಕೊಂಡಾಗ ಶತ್ರುಗಳು ಬೆಚ್ಚಿ ಹಿಮ್ಮೆಟ್ಟಿದರು. ಯುದ್ಧವೆಂದರೆ ದಾರಿ ಸಿಕ್ಕಿತು, ಹಣ ಸಿಕ್ಕಿತು, ಇಂಜಿನಿಯರರು ಸಿಕ್ಕಿದರು. ರೋಗಿಯ ವಿಷಯ ಬಂದಾಗ ಮಾತ್ರ ಬೆಟ್ಟ ಕಡಿದಾಗಿ ತೋರುವುದೇಕೆ?

ಎಲ್ಲ ಊರಿಗೂ ಈ ಯಂತ್ರ ಹೋಗಲಾರದೆಂಬುದನ್ನು ಒಪ್ಪುತ್ತೇವೆ. ಹಿಮಪಾತದ ಭಯವಿರುವ ಇಳಿಜಾರುಗಳಲ್ಲಿ ಅದನ್ನು ಓಡಿಸುವುದು ಪ್ರಾಣಕ್ಕೆ ಸಂಚಕಾರ. ಪಾಶ್ಚಾತ್ಯ ದೇಶಗಳಲ್ಲಿ ವಿನೋದಕ್ಕಾಗಿ ಹೋದವರು ಹಾಗೆ ಸತ್ತುದುಂಟು. ಯಂತ್ರವನ್ನು ಕೊಂಡರೆ ಸಾಲದು, ಬಲ್ಲವನೂ ಬೇಕು. ದಕ್ಷಿಣ ಧ್ರುವಕ್ಕೆ ಹೊರಟ ಕ್ಯಾಪ್ಟನ್ ಸ್ಕಾಟನು ಪಟ್ಟೆಗಾಲಿಯ ಮೂರು ಮೋಟಾರು ಬಂಡಿಗಳನ್ನು ಒಯ್ದಿದ್ದನು. 1911ರ ಜನವರಿಯಲ್ಲಿ ಒಂದು ಹಡಗಿನಿಂದ ಇಳಿಸುವಾಗಲೇ ಮಂಜುಗಡ್ಡೆ ಒಡೆದು ಸಮುದ್ರದ ಪಾಲಾಯಿತು. ಮಿಕ್ಕೆರಡು ಆ ವರ್ಷದ ಅಕ್ಟೋಬರಿನಲ್ಲಿ ಹೊರಟ ಸ್ವಲ್ಪ ದಿನಗಳಲ್ಲೇ ಕೆಟ್ಟು ನಿಂತವು. ಆ ಯಂತ್ರಗಳನ್ನು ರೂಪಿಸುವುದರಲ್ಲಿ ದುಡಿದಿದ್ದ ಸ್ಕೆಲ್ಟನ್ ಎಂಬ ನೌಕಾಪಡೆಯ ಇಂಜಿನಿಯರನನ್ನು ಮಾತ್ರ ಊರಲ್ಲೇ ಬಿಟ್ಟು ಹೋಗಿದ್ದರು. ಆತನ ದರ್ಜೆ ತಂಡದ ಎರಡನೆಯ ಅಧಿಕಾರಿಯ ದರ್ಜೆಗಿಂತ ಮೇಲಾಗುತ್ತಿತ್ತಂತೆ! ಕಚೇರಿಗಳಲ್ಲಿ ದುಡಿಯುವ ನಮ್ಮ ವಾಚಕರಿಗೆ ಈ ಕಾರಣ ತೀರ ಅಪರಿಚಿತವಾಗಿ ತೋರಲಾರದು.

ಹಾಗಾದರೆ ಬೇಕಾದವರು ತಾವೇ ಕೊಂಡುಕೊಳ್ಳಲಿ ಎನ್ನೋಣವೆ? ಅದರ ಫಲವನ್ನು ಫಿನ್ಲೆಂಡಿನ ಉತ್ತರದ ಸಾಮಿ ಜನರಲ್ಲಿ ನೋಡಬಹುದು. ಹಿಮಸಾರಂಗಗಳನ್ನು ಕಾಯ್ದು ಬದುಕುತ್ತಿದ್ದ ಆ ಜನರಲ್ಲಿಗೆ 1960ರ ದಶಕದಲ್ಲಿ ಹಿಮವಾಹನ ಬಂತು. ಅಂಗಡಿಗೆ ಹೋಗಿಬರಲು ಹಿಂದೆ ದಿನಗಟ್ಟಲೆ ಹಿಡಿಯುತ್ತಿದ್ದುದು ಕೆಲವು ಗಂಟೆಗಳ ಕೆಲಸವಾಯಿತು. ಆದರೆ ಯಂತ್ರದ ಬೆಲೆ, ಪೆಟ್ರೋಲು, ದುರಸ್ತಿ ಇವೆಲ್ಲಕ್ಕೂ ನಗದು ಹಣ ಬೇಕು. ಉಳ್ಳವರು ಮುಂದಾದರು, ಇಲ್ಲದವರು ಸಾಲಕ್ಕೆ ಬಿದ್ದರು, ಅನೇಕ ಮನೆತನಗಳು ಸಾರಂಗದ ಕಸುಬನ್ನೇ ಬಿಟ್ಟವು. ಪೆರ್ಟಿ ಪೆಲ್ಟೊ ಎಂಬ ಮಾನವಶಾಸ್ತ್ರಜ್ಞರು 1973ರಲ್ಲಿ ಈ ಸಂಗತಿಯನ್ನು ಗ್ರಂಥರೂಪದಲ್ಲಿಯೇ ವಿವರಿಸಿದ್ದಾರೆ. ಬೆಟ್ಟದ ಬಡ ರೈತನಿಗೆ ಸಾಲ ಕೊಟ್ಟು ಯಂತ್ರ ಕೊಳ್ಳೆಂದು ಹೇಳುವುದು ಆಡಳಿತದವರ ಹೊಣೆಯನ್ನು ಅವನ ಹೆಗಲಿಗೆ ದಾಟಿಸಿದಂತೆಯೇ ಸರಿ.

ಆದಕಾರಣ ನಾವು ಕೇಳುವುದು ಇಷ್ಟು. ಕಾಶ್ಮೀರ, ಲಡಾಖ್, ಹಿಮಾಚಲಗಳಲ್ಲಿ ಚಳಿಗಾಲದಲ್ಲಿ ಸಂಪರ್ಕ ಕಡಿದುಹೋಗುವ ಊರುಗಳಾವುವು, ಅವುಗಳ ಪೈಕಿ ಯಂತ್ರ ಸುರಕ್ಷಿತವಾಗಿ ಹೋಗಬಲ್ಲವು ಯಾವುವು ಎಂಬುದರ ಪಟ್ಟಿಯನ್ನು ಹಿಮ ಬೀಳುವುದಕ್ಕೆ ಮೊದಲೇ ತಯಾರಿಸಿ ಪ್ರಕಟಿಸತಕ್ಕದ್ದು. ಅಂಥ ಊರುಗಳ ಸಮೀಪದ ಆಸ್ಪತ್ರೆಯಲ್ಲಿ ರೋಗಿಯನ್ನು ಮಲಗಿಸಿ ಎಳೆಯುವ ಜಾರುಬಂಡಿಯೊಡನೆ ಒಂದು ಯಂತ್ರ, ಚಳಿಗಾಲಕ್ಕೆ ಸಾಲುವಷ್ಟು ಪೆಟ್ರೋಲು, ಬಿಡಿಭಾಗಗಳು, ಸಂಬಳಕ್ಕೆ ನೇಮಿಸಿದ ಒಬ್ಬ ಮೆಕ್ಯಾನಿಕ್ ಇರತಕ್ಕದ್ದು. ನಡೆಸುವವರನ್ನು ದೂರದಿಂದ ತರಿಸಬೇಕಾದುದಿಲ್ಲ. ಗುಲ್ಮಾರ್ಗದಲ್ಲಿ ಪ್ರವಾಸಿಗಳನ್ನು ಕೂರಿಸಿಕೊಂಡು ಯಂತ್ರ ಓಡಿಸುವವರಿಗೆ ಹಿಮದ ಗಟ್ಟಿಪೊಳ್ಳು ಚೆನ್ನಾಗಿ ಗೊತ್ತು. ಕರೆ ಬಂದಾಗ ಯಂತ್ರವನ್ನು ರೋಗಿಯ ಮನೆಯ ಕಡೆಗೆ ತಿರುಗಿಸಬೇಕೆಂಬ ಕರಾರಿನ ಮೇಲೆಯೇ ಆ ಯಂತ್ರಗಳಿಗೆ ಪರವಾನಗಿ ಕೊಟ್ಟರೆ, ಈ ಚಳಿಗಾಲದಿಂದಲೇ ಕೆಲಸ ಆರಂಭವಾಗಬಹುದು.